ಮೂರನೆಯ ಬಟ್ಟಲು

ಹಾಶಿಮ ಕೆಟ್ಟವನಲ್ಲ ಎಂದು ಹೇಳುವವರು ಹಳಿಯಾಳದ ಪೇಟೆಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರೆಲ್ಲ ಅವನ ಕೈಯಲ್ಲಿ ರೇಡಿಯೋ ರಿಪೇರಿ ಮಾಡಿಸಿಕೊಂಡವರು. ಸತ್ತು ಮಲಗಿದ ರೇಡಿಯೋ ಹೊತ್ತು ತಂದರೆ ಅವನು ಮೊದಲು ಅದನ್ನು ಮೂಸಿ ನೋಡುತ್ತಿದ್ದ, ಆಮೇಲೆ ಒಳಗೆ ಕೈ ಹಾಕುತ್ತಿದ್ದ. ಸಂಜೆಯ ಹೊತ್ತಿಗೆ ಧಾರವಾಡ ಸ್ಟೇಷನ್ನು ಮಾತಾಡುತ್ತಿತ್ತು. ಕೆಲಸದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟಿಲ್ಲ, ಶುಕ್ರವಾರದ ನಮಾಜು ಒಂದೂ ತಪ್ಪಿಸಿದವನಲ್ಲ. ಇಷ್ಟೆಲ್ಲ ಒಳ್ಳೆಯತನ ಇಟ್ಟುಕೊಂಡೇ ಅವನು ಉಳವಪ್ಪನ ಬದುಕನ್ನು ಮಣ್ಣುಪಾಲು ಮಾಡಿದ. ಬಟ್ಟಲು ತುಂಬಿದ ಕೈ ಬೇರೆಯವರದು ಎಂದು ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಕೇಳಿದವರು ತಲೆಯಾಡಿಸಿದರು, ಏಕೆಂದರೆ ಅವರ ರೇಡಿಯೋಗಳು ಅವನ ಅಂಗಡಿಯಲ್ಲಿದ್ದವು.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ, ಹಳ್ಳದ ದಂಡೆಗೆ, ಅಂದಾನೆಪ್ಪ ಸಾವ್ಕಾರರ ರಟ್ಟಿನ ಕಾರ್ಖಾನೆ ಇತ್ತು. ಹುಲ್ಲು-ಬಿದಿರಿನ ವ್ಯಾಪಾರ ಮಾಡಿಕೊಂಡಿದ್ದ ಸಾವ್ಕಾರ, ದಾಂಡೇಲಿಯಲ್ಲಿ ದೊಡ್ಡ ಕಾಗದದ ಗಿರಣಿ ಏಳುವುದನ್ನು ಕಂಡು, ತಾನೇನು ಕಡಿಮೆ ಎಂದು ಎಬ್ಬಿಸಿದ ತಗಡಿನ ಶೆಡ್ಡು ಅದು. ಭತ್ತದ ಹುಲ್ಲನ್ನು ಕಾಸ್ಟಿಕ್ ಸೋಡಾ ಹಾಕಿ ಬೇಯಿಸಬೇಕು, ತೊಳೆಯಬೇಕು, ಅರೆಯಬೇಕು. ಅರೆದ ಪಲ್ಪಿಗೆ ರಾಳ ಬೆರೆಸಿ, ಕ್ಷೌರ ಮಾಡಿದ ಮೇಲೆ ಕೆನ್ನೆಗೆ ತಿಕ್ಕುತ್ತಾರಲ್ಲ, ಆ ಪಟಕವನ್ನು ಬುಟ್ಟಿಗಟ್ಟಲೆ ಸುರಿದು, ಹಾಸಿ ಒಣಗಿಸಿದರೆ ರಟ್ಟು. ಪಟಕದ ಹುಳಿ ಹದಕ್ಕೆ ಬಂದರೆ ರಟ್ಟು ನೀರು ಕುಡಿಯುವುದಿಲ್ಲ. ಹುಳಿ ಕಡಿಮೆಯಾದರೆ ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ, ಹೆಚ್ಚಾದರೆ ಮಡಚಿದಲ್ಲಿ ಮುರಿಯುತ್ತದೆ. ಆ ಹದವನ್ನು ಹೇಳುತ್ತಿದ್ದದ್ದು ಉಳವಪ್ಪನ ನಾಲಗೆ.

ಉಳವಪ್ಪ ಮುಂಡಗೋಡದ ಕಡೆಯವನು, ಐವತ್ತು ದಾಟಿದವನು. ಕಾರ್ಖಾನೆ ಶುರುವಾದ ದಿನದಿಂದ ತೊಟ್ಟಿಯ ಪಕ್ಕ ನಿಂತಿದ್ದ. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿನಲ್ಲಿ ಕೂತಿರುತ್ತಿತ್ತು. ಪ್ರತಿ ತೊಟ್ಟಿಗೂ ಹಿತ್ತಾಳೆ ಬಟ್ಟಲಲ್ಲಿ ಒಂದಿಷ್ಟು ನೀರು ಎತ್ತಿ, ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಉಗುಳಿ, “ಇನ್ನೊಂದು ಬುಟ್ಟಿ” ಎಂದೋ “ಸಾಕು” ಎಂದೋ ಹೇಳುತ್ತಿದ್ದ. ದಿನಕ್ಕೆ ಇಪ್ಪತ್ತು ಸಲ. ಒಸಡು ಸವೆದು ಹಲ್ಲುಗಳು ಬುಡದವರೆಗೆ ಕಾಣುತ್ತಿದ್ದವು, ನಾಲಗೆಯ ಮೇಲೆ ಬೇಸಿಗೆಯ ಕೆರೆಯಂಥ ಬಿರುಕು. ಸಾವ್ಕಾರನಿಗೆ ಆ ನಾಲಗೆಯ ಮೇಲೆ ಬಲು ಹೆಮ್ಮೆ. ಬಂದ ವ್ಯಾಪಾರಿಗಳ ಮುಂದೆ ಉಳವಪ್ಪನನ್ನು ಕರೆದು ಬಾಯಿ ತೆರೆಸಿ ತೋರಿಸುತ್ತಿದ್ದ, ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸಿದ ಹಾಗೆ. ಶೆಡ್ಡಿನ ಬೆನ್ನಿಗೆ ಅಂಟಿದ ಒಂದು ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟಿದ್ದ. ಅಲ್ಲಿ ಉಳವಪ್ಪ ಮತ್ತು ಅವನ ಹೆಂಡತಿ ಶಂಕ್ರವ್ವ ಇದ್ದರು, ಮಕ್ಕಳಿರಲಿಲ್ಲ. ಕೆಲಸವಿದ್ದರೆ ಕೋಣೆ, ಕೆಲಸ ಹೋದರೆ ಅದೂ ಇಲ್ಲ.

ಹಾಶಿಮನಿಗೆ ಹುಳಿಯನ್ನು ಅಂಕಿಯಲ್ಲಿ ಅಳೆಯುವ ಈ ಪಿಎಚ್ಚಿನ ಹುಚ್ಚು ಹಿಡಿದದ್ದು ದಾಂಡೇಲಿಯಲ್ಲಿ. ದೊಡ್ಡ ಗಿರಣಿಯ ಒಬ್ಬ ಸಾಹೇಬರ ರೇಡಿಯೋ ರಿಪೇರಿಗೆ ಹೋದವನು ಅವರ ಪ್ರಯೋಗಶಾಲೆಯಲ್ಲಿ ಒಂದು ವಿಲಾಯತಿ ಪೆಟ್ಟಿಗೆ ನೋಡಿದ. ಈರುಳ್ಳಿಯ ಪೊರೆಯಷ್ಟು ತೆಳುವಾದ ಗಾಜಿನ ಬುಡ್ಡಿಯನ್ನು ನೀರಿಗೆ ಅದ್ದಿದರೆ ಪೆಟ್ಟಿಗೆಯ ಮುಖದಲ್ಲಿ ಮುಳ್ಳು ಸರಿದು ಅಂಕಿ ಹೇಳುತ್ತಿತ್ತು. ಏಳು ಅಂದರೆ ಬರೀ ನೀರು, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಸೋಡಾ-ಸುಣ್ಣದ ಕಡೆ. ಹಾಶಿಮ ಅರ್ಧ ತಾಸು ರೆಪ್ಪೆ ಬಡಿಯದೆ ನಿಂತ. ಮರುವಾರ ಅಂದಾನೆಪ್ಪನ ಹತ್ತಿರ ಹೋಗಿ, ಇಂಥದ್ದೊಂದನ್ನು ಹಳಿಯಾಳದಲ್ಲೇ ಕಟ್ಟಿಕೊಡುತ್ತೇನೆ ಎಂದ. ವಿಲಾಯತಿ ಪೆಟ್ಟಿಗೆ ತರಿಸಲು ಸರಕಾರದ ಪರವಾನಿಗಿ ಸಿಗದ ಕಾಲ ಅದು. ಗಾಜಿನ ಬುಡ್ಡಿಯನ್ನು ಮಾತ್ರ ಮುಂಬಯಿಯ ನೆಂಟರಿಂದ ತರಿಸಿಕೊಡುತ್ತೇನೆ, ಉಳಿದದ್ದು ನಿನ್ನ ತಲೆ ಎಂದ ಸಾವ್ಕಾರ. ಮೀಟರು ಸರಿಯಾಗಿ ನಡೆದರೆ ಕಾರ್ಖಾನೆಯಲ್ಲಿ ಕಾಯಂ ನೌಕರಿ ಎಂದೂ ಹೇಳಿದ. ಅಂಗಡಿಯ ಮುರುಕು ಬೆಂಚಿನ ಮೇಲೆ ಹದಿನೈದು ವರ್ಷ ಕೂತವನಿಗೆ ಆ ಮಾತು ನೆತ್ತಿಗೇರಿತು.

ಕೆಲಸ ಅಷ್ಟು ಸುಲಭದ್ದಲ್ಲ. ಆ ಬುಡ್ಡಿ ಹುಟ್ಟಿಸುವ ವಿದ್ಯುತ್ತು ಇದೆಯೋ ಇಲ್ಲವೋ ಎನ್ನುವಷ್ಟು. ಸಾದಾ ಮೀಟರಿಗೆ ಜೋಡಿಸಿದರೆ ಮೀಟರೇ ಅದನ್ನೆಲ್ಲ ನುಂಗಿಬಿಡುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ನುಂಗದೆ ಬರೀ ಮುಟ್ಟಿ ತಿಳಿಯುವ ಒಂದು ವಸ್ತು ನಡುವೆ ಬೇಕು. ರೇಡಿಯೋದ ವಾಲ್ವು ಆ ಕೆಲಸ ಮಾಡುತ್ತದೆಂದು ಹಾಶಿಮ ಊಹಿಸಿದ, ಊಹೆ ಸರಿಯಾಗಿತ್ತು. ಬೆಳಗಾವಿಯ ಹಳೇ ಸಾಮಾನಿನ ಪೇಟೆಯಿಂದ ಮಿಲಿಟರಿಯವರು ಎಸೆದ ವಾಲ್ವುಗಳನ್ನು ಚೀಲದಲ್ಲಿ ತಂದ, ಒಂದೊಂದನ್ನೂ ಹಚ್ಚಿ ನೋಡಿ ಸೋರದ ಎರಡನ್ನು ಆರಿಸಿದ. ಒಂದರ ಸ್ವಭಾವ ಕೆಟ್ಟರೆ ಇನ್ನೊಂದೂ ಅಷ್ಟೇ ಕೆಡಬೇಕು, ಆಗ ಮುಳ್ಳು ಮೋಸ ಹೋಗುವುದಿಲ್ಲ ಎಂಬುದು ಲೆಕ್ಕ. ಬಿಸ್ಕತ್ತಿನ ತಗಡಿನ ಡಬ್ಬಿಯೇ ಪೆಟ್ಟಿಗೆಯಾಯಿತು.

ಆದರೆ ಮಳೆಗಾಲ ಬಂತು. ಗೋವೆ ಬಿಡುಗಡೆಯಾದ ಮರುವರ್ಷದ ಮಳೆಗಾಲ. ಬೆರಳಿನ ಜಿಡ್ಡು ತಾಗಿದರೆ ಸಾಕು, ಬುಡ್ಡಿಯ ವಿದ್ಯುತ್ತು ಅದರ ಮೇಲೆ ಹರಿದು ಓಡಿಹೋಗುತ್ತಿತ್ತು. ಇನ್ನು ಜೋಯಿಡಾದ ಕಾಡಿನಿಂದ ಬೀಸುವ ಥಂಡಿಯ ಮುಂದೆ ಕೇಳಬೇಕೆ. ಹಾಶಿಮ ವಾಲ್ವಿನ ಬುಡ ಒಡೆದು ತೆಗೆದ, ಸ್ಪಿರಿಟಿನಲ್ಲಿ ತೊಳೆದ, ಜೋಯಿಡಾದ ಕುಣಬಿ ಜನರಿಂದ ಜೇನುಮೇಣ ತರಿಸಿ ಕಾಯಿಸಿ ಅದರಲ್ಲಿ ಅದ್ದಿದ. ಭಟ್ಟಿಯಿಂದ ಸುಟ್ಟ ಸುಣ್ಣದ ಹರಳು ತಂದು, ಬಟ್ಟೆಯಲ್ಲಿ ಕಟ್ಟಿ ಡಬ್ಬಿಯೊಳಗಿಟ್ಟ. ಒಳಗಿನ ತೇವವನ್ನೆಲ್ಲ ಸುಣ್ಣ ಹೀರಿಕೊಳ್ಳಲಿ ಎಂದು. ಅವನ ಹೆಂಡತಿ ನಸೀರಾ ಒಲೆಯ ಕೆಂಡದ ಮುಂದೆ ಆ ಡಬ್ಬಿಯನ್ನು ಬಾಣಂತಿಯ ಕೂಸಿನ ಹಾಗೆ ತಿರುಗಿಸಿ ತಿರುಗಿಸಿ ಕಾಯಿಸಿದಳು. ಅವಳಿಗೂ ಆ ನೌಕರಿಯ ಆಸೆ ಇತ್ತು.

ಇಷ್ಟಾದ ಮೇಲೆ ಅಂಕಿ ಗುರುತು ಮಾಡುವುದು ಉಳಿಯಿತು. ಮುಳ್ಳು ಎಲ್ಲಿ ನಿಂತರೆ ಎಷ್ಟು ಹುಳಿ? ಸಾವ್ಕಾರನಿಗೆ ಇದರಲ್ಲಿ ಯಾವ ಸಂಶಯವೂ ಇರಲಿಲ್ಲ. ಉಳವಪ್ಪ ಸಾಕು ಎಂದಾಗ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಗೆರೆ ಹಾಕು ಎಂದ. ಹಾಶಿಮನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಇಡೀ ಹಳಿಯಾಳ ನಂಬಿದ ನಾಲಗೆ ಅದು.

ಮೂರು ತಿಂಗಳು ಅವನು ಆ ಗೆರೆಯ ಬೆನ್ನು ಹತ್ತಿದ. ಸೋಮವಾರ ಉಳವಪ್ಪ ಸಾಕು ಎಂದಾಗ ಮುಳ್ಳು ಒಂದು ಕಡೆ, ಮಂಗಳವಾರ ಇನ್ನೊಂದು ಕಡೆ, ಬುಧವಾರ ಎರಡೂ ಬಿಟ್ಟು ಮೂರನೆಯ ಕಡೆ. ಹಾಶಿಮ ತನ್ನ ಡಬ್ಬಿಯನ್ನೇ ಬೈದುಕೊಂಡ. ಮೇಣ ಕೆತ್ತಿ ಮತ್ತೆ ಅದ್ದಿದ, ತಂತಿ ಕಿತ್ತು ಮತ್ತೆ ಬೆಸುಗೆ ಹಾಕಿದ. ಪೇಟೆಯ ಅಂಗಡಿಯ ಬಾಗಿಲು ವಾರಗಟ್ಟಲೆ ತೆರೆಯಲಿಲ್ಲ. ಅವನು ಹೀಗೆ ತಲೆ ಚಚ್ಚಿಕೊಳ್ಳುವಾಗೆಲ್ಲ ಉಳವಪ್ಪ ಪಕ್ಕದಲ್ಲಿ ಕೂತು ಸಮಾಧಾನ ಹೇಳುತ್ತಿದ್ದ. ಮಳೆ ನಿಂತ ಮೇಲೆ ಸರಿಯಾಗುತ್ತದೆ ಎನ್ನುತ್ತಿದ್ದ, ಎಲೆ-ಅಡಿಕೆ ಕೊಡುತ್ತಿದ್ದ. ಹಾಶಿಮ ಅವನನ್ನು ಕಾಕಾ ಎನ್ನುತ್ತಿದ್ದ, ಅವನು ಹಾಶಿಮನನ್ನು ತಮ್ಮಾ ಎನ್ನುತ್ತಿದ್ದ.

ಆ ಮೂರು ತಿಂಗಳಲ್ಲಿ ಒಂದು ದಿನ ಕಾರ್ಖಾನೆಯಲ್ಲಿ ಚಹಾ ಮಾಡುವ ಕಾಶೆವ್ವ ಸಕ್ಕರೆ ಎಂದುಕೊಂಡು ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ಎಲ್ಲರೂ ಒಂದು ಗುಟುಕಿಗೇ ಥೂ ಎಂದು ಉಗುಳಿ ಅವಳನ್ನು ಬೈದರು. ಉಳವಪ್ಪ ಬೇರೆ ಕಡೆ ನೋಡುತ್ತ ಇಡೀ ಬಟ್ಟಲು ಕುಡಿದು ಮುಗಿಸಿ, ಇನ್ನರ್ಧ ಕೊಡು ಎಂದ. ಆಗ ಎಲ್ಲರ ಜೊತೆ ಹಾಶಿಮನೂ ನಕ್ಕ. ಕಾಕಾ ಕಾಶೆವ್ವನ ಮನಸ್ಸು ನೋಯಿಸುವವನಲ್ಲ ಎಂದುಕೊಂಡ.

ದಸರೆ ಕಳೆದ ಮೇಲೆ ಯಾರೋ ಹೇಳಿದರೆಂದು ಹಾಶಿಮ ಧಾರವಾಡಕ್ಕೆ ಹೋದ. ಕಾಲೇಜಿನ ಪ್ರಯೋಗಶಾಲೆಯ ಒಬ್ಬ ಪುಣ್ಯಾತ್ಮ ಅವನ ಡಬ್ಬಿಯ ಕಥೆ ಕೇಳಿ ಬೆರಗಾಗಿ ಎರಡು ಸೀಸೆ ಕೊಟ್ಟ. ಒಂದರಲ್ಲಿನ ನೀರು ಎಂದೆಂದಿಗೂ ನಾಲ್ಕು, ಇನ್ನೊಂದರದು ಒಂಬತ್ತು ಚಿಲ್ಲರೆ. ಜಗತ್ತಿನ ಎಲ್ಲ ಪಿಎಚ್ ಮೀಟರುಗಳನ್ನೂ ಇವುಗಳಿಗೇ ಹೊಂದಿಸುತ್ತಾರೆ ಎಂದ. ಹಾಶಿಮ ಅಳ್ನಾವರದಲ್ಲಿ ಗಾಡಿ ಬದಲಿಸಿ ಬರುವವರೆಗೂ ಆ ಸೀಸೆಗಳನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮನೆಯಲ್ಲಿ ಬುಡ್ಡಿ ಅದ್ದಿ ನೋಡಿದ. ಬೆಳಗ್ಗೆ ನಾಲ್ಕು, ಮಧ್ಯಾಹ್ನ ನಾಲ್ಕು, ಮಳೆ ಹನಿಯುವಾಗಲೂ ನಾಲ್ಕು. ಎಂಟು ದಿನ ನೋಡಿದ. ಅವನ ಡಬ್ಬಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಸಂತೋಷದಿಂದ ಅವನು ನಸೀರಾಳ ಎರಡೂ ಕೈ ಹಿಡಿದುಕೊಂಡ. ಆಮೇಲೆ ಉಪ್ಪಿನ ಚಹಾ ನೆನಪಾಯಿತು.

ಹಳ್ಳದ ದಂಡೆಯಲ್ಲಿ ಉಳವಪ್ಪ ಒಬ್ಬನೇ ಸಿಕ್ಕ. ಹಾಶಿಮ ನೇರವಾಗಿಯೇ ಕೇಳಿದ. ಉಳವಪ್ಪ ಮೊದಲು ಸಿಟ್ಟಾದ, ಆಮೇಲೆ ಕಲ್ಲಿನ ಮೇಲೆ ಕೂತ.

“ಮೂರು ವರ್ಷಾತು ತಮ್ಮಾ. ಮೊದಲ ಸಿಹಿ ಹೋತು, ಆಮ್ಯಾಲ ಹುಳಿ, ಕಡೀಕ ಉಪ್ಪು. ಈಗ ಬಾಯಾಗ ಏನ ಹಾಕಿದ್ರೂ ಬಟ್ಟಿ ಅಗಿದಂಗ. ಬಿಸಿ, ಖಾರಾ ಸೈತ ತಿಳಿಯೂದಿಲ್ಲ. ಶಂಕ್ರವ್ವಗೂ ಹೇಳಿಲ್ಲ. ದಿನಾ ಕೇಳತಾಳ, ಉಪ್ಪು ಸರಿ ಐತೇನು ಅಂತ. ಸರಿ ಐತಿ ಅಂತೇನಿ. ಅಷ್ಟಕ್ಕ ಅಕಿ ಮಾರಿ ಅರಳತೈತಿ.”

ಮತ್ತೆ ಹದ ಹೇಗೆ ಹೇಳುತ್ತಿದ್ದೀ ಎಂದರೆ, ನೊರೆಯ ಬಣ್ಣ ನೋಡಿ, ಪಲ್ಪನ್ನು ಬೆರಳಲ್ಲಿ ತಿಕ್ಕಿ, ಎಷ್ಟು ಬುಟ್ಟಿ ಬಿದ್ದಿದೆ ಎಂದು ಎಣಿಸಿ. ಕೆಲವು ದಿನ ಹತ್ತಿರ ಬೀಳುತ್ತಿತ್ತು. ಬೀಳದ ದಿನ ಹುಲ್ಲು ಹಸಿ ಇತ್ತು ಎಂದು ಹೇಳಿ ದಾಟಿಸುತ್ತಿದ್ದ. ಮೂರು ತಿಂಗಳು ಹಾಶಿಮ ತಲೆ ಚಚ್ಚಿಕೊಂಡದ್ದನ್ನು ಪಕ್ಕದಲ್ಲೇ ಕೂತು ನೋಡಿದವನು ಇವನು. ಹಾಶಿಮನಿಗೆ ಆ ಕ್ಷಣ ಎಲ್ಲಿಲ್ಲದ ಸಿಟ್ಟು ಬಂತು, ಅದು ನ್ಯಾಯವಾದ ಸಿಟ್ಟೇ. ಆದರೆ ಉಳವಪ್ಪ ಅವನ ಮೊಣಕೈ ಹಿಡಿದುಕೊಂಡಿದ್ದ.

“ನಿನ್ನ ಮುಳ್ಳು ನಂಗ ಕಾಣೂವಂಗ ಇಡು,” ಎಂದ. “ಅದು ಏನ ಹೇಳತೈತಿ, ನಾನೂ ಅದನ್ನ ಹೇಳತೇನಿ. ನಿನ್ನ ನೌಕರೀನೂ ಆಗತೈತಿ, ನನ್ನ ಕ್ವಾಣಿನೂ ಉಳೀತೈತಿ. ಮಂದಿ ಮುಂದ ಮಾತ್ರ ಹೇಳಬ್ಯಾಡೋ ತಮ್ಮಾ.”

ಹಾಶಿಮ ಒಪ್ಪಿದ. ಉಳವಪ್ಪನಿಗೆ ಅಂಕಿ ಓದಲು ಬರುತ್ತಿರಲಿಲ್ಲವಾದ್ದರಿಂದ ನಾಲ್ಕೂವರೆಯಿಂದ ಐದರವರೆಗೆ ಕೆಂಪು ಬಣ್ಣ ಬಳಿದುಕೊಟ್ಟ. ಮುಳ್ಳು ಕೆಂಪಿನೊಳಗೆ ಬಂದರೆ ಸಾಕು. ಆ ಬಣ್ಣ ಬಳಿದ ದಿನ ಅವನು ನಿಜವಾಗಿಯೂ ಒಳ್ಳೆಯವನಾಗಿದ್ದ. ಇಡೀ ಬದುಕಿನಲ್ಲಿ ಅವನು ಅಷ್ಟು ಒಳ್ಳೆಯವನಾಗಿದ್ದದ್ದು ಅದೊಂದೇ ದಿನ.

ನಾಲ್ಕು ತಿಂಗಳು ಆ ನಾಟಕ ಚೆನ್ನಾಗಿ ನಡೆಯಿತು. ಹಾಶಿಮ ಬುಡ್ಡಿ ಅದ್ದುತ್ತಿದ್ದ, ಉಳವಪ್ಪ ಓರೆಗಣ್ಣಿನಿಂದ ಮುಳ್ಳು ನೋಡಿ, ಬಟ್ಟಲು ಬಾಯಿಗೆ ಹಿಡಿದು, ಕಣ್ಣು ಮುಚ್ಚಿ, ಉಗುಳಿ, ತೀರ್ಪು ಹೇಳುತ್ತಿದ್ದ. ಕಾರ್ಖಾನೆ ಹುಟ್ಟಿದಾಗಿನಿಂದ ಅಂಥ ರಟ್ಟು ಬಂದಿರಲಿಲ್ಲ. ಗದ್ದಲ ಶುರುವಾದದ್ದೇ ಅಲ್ಲಿ. ಯಶಸ್ಸೆಲ್ಲ ನಾಲಗೆಯ ಪಾಲಾಯಿತು. ಮೀಟರು ಪ್ರತಿ ಸಲ ಉಳವಪ್ಪ ಹೇಳಿದ್ದನ್ನೇ ಹೇಳುತ್ತದಲ್ಲ, ಅಂದಮೇಲೆ ಮೀಟರಿಗೆ ಕಲಿಸಿದವನು ಉಳವಪ್ಪ ಎಂದು ಸಾವ್ಕಾರ ಕಂಡಕಂಡವರಿಗೆ ಹೇಳತೊಡಗಿದ. ಹಾಶಿಮನ ನೌಕರಿಯ ಮಾತು ಎತ್ತಿದರೆ ನೋಡೋಣ ಎನ್ನುತ್ತಿದ್ದ. ಉಳವಪ್ಪನ ತಲೆಗೆ ಒಂದು ಪಟಕಾ ಸುತ್ತಿಸಿ ಮರ್ಯಾದೆಯನ್ನೂ ಮಾಡಿದ. ಪಟಕಾ ಸುತ್ತಿಸಿಕೊಂಡ ಉಳವಪ್ಪ ಹಾಶಿಮನ ಕಡೆ ನೋಡಿ ಸಣ್ಣಗೆ ನಕ್ಕ. ಅದು ಸಂಕೋಚದ ನಗುವೋ ಹೆಮ್ಮೆಯದೋ ಹಾಶಿಮ ಕೇಳಲಿಲ್ಲ. ಆ ನಗುವನ್ನು ಮನೆಗೆ ಒಯ್ದು ಹದಿನೈದು ದಿನ ಸಾಕಿದ.

ಮಾರ್ಚಿನಲ್ಲಿ ಹುಬ್ಬಳ್ಳಿಯ ಇಬ್ಬರು ದೊಡ್ಡ ವ್ಯಾಪಾರಿಗಳು ಕಾರ್ಖಾನೆ ನೋಡಲು ಬಂದರು. ಸಾವ್ಕಾರ ಎಂದಿನಂತೆ ಉಳವಪ್ಪನ ಬಾಯಿ ತೆರೆಸಿದ. ಬಿಸ್ಕತ್ತಿನ ಡಬ್ಬಿಯನ್ನು ಕಂಡ ವ್ಯಾಪಾರಿಯೊಬ್ಬ ಇದೇನು ಎಂದು ಕೇಳಿದ.

“ಅದೊಂದು ಆಟಗಿ ಸಾಮಾನರಿ,” ಎಂದ ಅಂದಾನೆಪ್ಪ. “ನಮ್ಮ ಉಳವಪ್ಪ ಕಲಿಸಿದ್ದನ್ನ ಹೇಳತೈತಿ. ಎರಡು ಯಾಕ ಬೇಕು, ಒಂದ ಸಾಕು ಅಂತ ನಾನೂ ವಿಚಾರ ಮಾಡಾಕತ್ತೇನಿ.”

ಹಾಶಿಮ ಮುಂದೆ ಬಂದ. ಎರಡರಲ್ಲಿ ಯಾವುದು ಯಾವುದಕ್ಕೆ ಕಲಿಸಿತು ಎಂಬುದನ್ನು ಈಗಲೇ ನೋಡಬಹುದಲ್ಲ ಎಂದ. ದನಿ ಎತ್ತಲಿಲ್ಲ, ನಗುತ್ತಲೇ ಹೇಳಿದ. ಬಟ್ಟಲುಗಳಲ್ಲಿ ಬೇರೆ ಬೇರೆ ನೀರು ತರಲಿ, ಮೊದಲು ಮುಳ್ಳು, ಆಮೇಲೆ ನಾಲಗೆ. ಆದರೆ ಒಬ್ಬರದು ಒಬ್ಬರಿಗೆ ಕಾಣಬಾರದು. ವ್ಯಾಪಾರಿಗಳಿಗೆ ಇದು ಮೋಜೆನಿಸಿತು. ಸಾವ್ಕಾರನಿಗೆ ತನ್ನ ಎತ್ತಿನ ಮೇಲೆ ಪೂರ್ತಿ ಭರವಸೆ. ಕೆಲಸ ಬಿಟ್ಟು ಮೂವತ್ತು ಜನ ಸುತ್ತ ಸೇರಿದರು. ಹಾಶಿಮ ಡಬ್ಬಿಯನ್ನು ತಿರುಗಿಸಿ, ಮುಳ್ಳಿನ ಮುಖ ಗೋಡೆಯ ಕಡೆಗೆ ಮಾಡಿದ.

ಉಳವಪ್ಪ ಅವನ ಹತ್ತಿರ ಬಂದು, ಪಟಕಾ ಸರಿಮಾಡಿಕೊಳ್ಳುವ ನೆವದಲ್ಲಿ ಬಗ್ಗಿ, ಅವನಿಗೊಬ್ಬನಿಗೇ ಕೇಳುವ ಹಾಗೆ ಹೇಳಿದ: “ತಮ್ಮಾ, ಮಾರಿ ಇತ್ಲಾಗ ಮಾಡೋ.”

ಹಾಶಿಮ ಕೇಳದವನ ಹಾಗೆ ಬುಡ್ಡಿಯನ್ನು ಒರೆಸುತ್ತ ನಿಂತ. ಇಷ್ಟಕ್ಕೇ ಬಿಟ್ಟಿದ್ದರೆ ಅದೊಂದು ಸಣ್ಣ ಜನ್ಮದ ಸಣ್ಣ ಸೇಡಾಗಿ ಮುಗಿಯುತ್ತಿತ್ತು.

ಮೊದಲ ಬಟ್ಟಲಲ್ಲಿ ಹಳ್ಳದ ಬರೀ ನೀರು. ಹಾಶಿಮ ಅದ್ದಿ ನೋಡಿ ಏಳು ಎಂದು ಚೀಟಿಯಲ್ಲಿ ಬರೆದು ವ್ಯಾಪಾರಿಗೆ ಕೊಟ್ಟ. ಉಳವಪ್ಪ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತು, ಹುಳಿ ಹದಕ್ಕೆ ಬಂದಿದೆ ಎಂದ. ಯಾರೋ ಕಿಸಕ್ಕೆಂದರು. ಎರಡನೆಯದರಲ್ಲಿ ಪಟಕ ಕರಗಿಸಿದ ಗಟ್ಟಿ ನೀರು, ಕುಡಿದರೆ ಯಾರ ಗಂಟಲಾದರೂ ಕಟ್ಟಬೇಕು. ಮುಳ್ಳು ಮೂರಕ್ಕೆ ಇಳಿಯಿತು. ಉಳವಪ್ಪ ಅದನ್ನು ನುಂಗಿಯೇಬಿಟ್ಟ, ಸಪ್ಪಗಿದೆ, ಎರಡು ಬುಟ್ಟಿ ಬೇಕು ಎಂದ. ಈಗ ಎಲ್ಲರೂ ನಕ್ಕರು. ಆರು ವರ್ಷ ಅವನ ಮಾತಿಗೆ ಬುಟ್ಟಿ ಹೊತ್ತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಾನೆಪ್ಪನ ಮುಖ ಕಪ್ಪಿಟ್ಟಿತು. ಪರ ಊರಿನವರ ಮುಂದೆ ತನ್ನ ಮಾನ ಹೋಯಿತು ಎಂಬುದೊಂದೇ ಅವನ ತಲೆಯಲ್ಲಿ. ನಗುವಿನಲ್ಲಿ ತಾನೂ ಸೇರಿಕೊಂಡರೆ ಮಾನ ಉಳಿಯುತ್ತದೆಂದು ಅವನಿಗೆ ಹೊಳೆಯಿತು. ಹುಲ್ಲು ಬೇಯಿಸುವ ದ್ಯಾಮಪ್ಪನಿಗೆ ಕಣ್ಣು ಹೊಡೆದು, “ನಿನ್ನ ಡ್ರಮ್ಮಿಂದೂ ಒಂದು ಬಟ್ಟಲಾ ತಾರೋ” ಎಂದ. ದ್ಯಾಮಪ್ಪನ ಡ್ರಮ್ಮಿನಲ್ಲಿ ಇದ್ದದ್ದು ಕಾಸ್ಟಿಕ್ ಸೋಡಾದ ನೀರು. ನೋಡಲು ತಿಳಿನೀರೇ.

ಯಾರೂ ಕೊಲ್ಲುವ ಮನಸ್ಸಿನವರಲ್ಲ. ತುಟಿಗೆ ತಾಗಿದೊಡನೆ ಉಗುಳುತ್ತಾನೆ, ಕುಣಿಯುತ್ತಾನೆ, ನಗಬಹುದು ಎಂದುಕೊಂಡಿದ್ದರು. ನಾಲಗೆ ಸತ್ತಿದೆ ಎಂಬುದನ್ನು ಅವರು ಈಗಷ್ಟೇ ಕಣ್ಣಾರೆ ಕಂಡಿದ್ದರೂ, ಸತ್ತ ನಾಲಗೆ ಎಚ್ಚರಿಕೆಯನ್ನೂ ಕೊಡುವುದಿಲ್ಲ ಎಂಬ ಬುದ್ಧಿ ಒಬ್ಬರಿಗೂ ಬರಲಿಲ್ಲ. ಬಂದದ್ದು ಒಬ್ಬನಿಗೆ. ಮೂರನೆಯ ಬಟ್ಟಲು ಮೊದಲು ಹಾಶಿಮನ ಕೈಗೆ ಬಂತು. ಬುಡ್ಡಿ ಅದ್ದಿದ. ಮುಳ್ಳು ಏಳು ದಾಟಿತು, ಹತ್ತು ದಾಟಿತು, ಹನ್ನೆರಡು ದಾಟಿ ಹದಿಮೂರರ ಹತ್ತಿರ ಅಲುಗದೆ ನಿಂತಿತು. ಅಷ್ಟು ಮೇಲಕ್ಕೆ ಅವನು ತನ್ನ ಡಬ್ಬಿಯನ್ನು ಎಂದೂ ಓಡಿಸಿ ನೋಡಿರಲಿಲ್ಲ. ಅಲ್ಲಿಯೂ ಅದು ಸರಿಯಾಗಿ ನಡೆಯುತ್ತದೆಯೋ ಎಂಬ ಅನುಮಾನ ಇತ್ತು. ನಡೆಯಿತು. ಆ ಸಂತೋಷದಲ್ಲಿ ಅವನು ಮುಳ್ಳನ್ನೇ ನೋಡುತ್ತ ನಿಂತ. ಬೇಡ ಎನ್ನಲು ಎಷ್ಟು ಹೊತ್ತು ಬೇಕು? ಚೀಟಿಯ ಮೇಲೆ ಅಂಕಿ ಬರೆಯುವಷ್ಟು ಹೊತ್ತೂ ಬೇಡ. ಅವನು ಅಂಕಿ ಬರೆದ.

ಉಳವಪ್ಪ ಬಟ್ಟಲು ತೆಗೆದುಕೊಂಡ. ಇದೊಂದಾದರೂ ಸರಿ ಹೇಳಬೇಕು ಎಂದು ಬಾಯಿ ತುಂಬ ತುಂಬಿಕೊಂಡ. ಕಣ್ಣು ಮುಚ್ಚಿ, ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಎಲ್ಲಾದರೂ ಒಂದು ಮೂಲೆಯಲ್ಲಿ ಒಂದಿಷ್ಟು ರುಚಿ ಸಿಕ್ಕೀತೇ ಎಂದು ಹುಡುಕಿದ. ಎಲ್ಲರೂ ನಗಲು ಕಾಯುತ್ತಿದ್ದರು. ಅವನು ಉಗುಳಲೇ ಇಲ್ಲ, ಏನು ಹೇಳಬೇಕೆಂದು ಯೋಚಿಸುತ್ತಿದ್ದ. ಆಮೇಲೆ ಉರಿ ಗಂಟಲಿಗೆ ಇಳಿಯಿತು, ಗಂಟಲು ಇನ್ನೂ ಸತ್ತಿರಲಿಲ್ಲ.

ಅಂದು ಮನೆಗೆ ಬಂದ ಹಾಶಿಮ ನಸೀರಾಳಿಗೆ ನಡೆದದ್ದನ್ನೆಲ್ಲ ಹೇಳಿದ. ನೌಕರಿ ಆಯಿತೆಂದೂ ಹೇಳಿದ. ಉಳವಪ್ಪನನ್ನು ಸಾವ್ಕಾರ ತನ್ನ ಜೀಪಿನಲ್ಲೇ ಹುಬ್ಬಳ್ಳಿಯ ದವಾಖಾನೆಗೆ ಕಳಿಸಿದ್ದಾನೆ, ದ್ಯಾಮಪ್ಪನದೇ ಎಲ್ಲ ತಪ್ಪು ಎಂದ. ಮುಳ್ಳು ಹದಿಮೂರರವರೆಗೆ ಹೋದದ್ದನ್ನು ಹೇಳುವಾಗ ಅವನ ಕೈ ತಾನಾಗಿಯೇ ಮುಳ್ಳಿನ ಹಾಗೆ ಗಾಳಿಯಲ್ಲಿ ಸರಿಯಿತು. ನಸೀರಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು.

“ಮುಳ್ಳು ಮೊದಲು ತೋರಿಸಿತೋ, ಅವನು ಮೊದಲು ಕುಡಿದನೋ?”

ಹಾಶಿಮ ಕೈ ತೊಳೆಯಲು ಎದ್ದ. ಅಂದಿನಿಂದ ಅವಳು ಆ ಡಬ್ಬಿಯನ್ನು ಒಲೆಯ ಮುಂದೆ ಹಿಡಿಯಲಿಲ್ಲ, ಅವನೇ ಹಿಡಿಯಬೇಕಾಯಿತು.

ಉಳವಪ್ಪ ಸಾಯಲಿಲ್ಲ. ಸತ್ತಿದ್ದರೆ ನಾಲ್ಕು ಜನರ ಕಣ್ಣಲ್ಲಿ ನೀರಾದರೂ ಬರುತ್ತಿತ್ತು. ಒಂದು ತಿಂಗಳ ಮೇಲೆ ದವಾಖಾನೆಯಿಂದ ತಿರುಗಿ ಬಂದ, ತುಟಿಗಳು ಒಳಕ್ಕೆ ಎಳೆದುಕೊಂಡು, ಮಾತಿಲ್ಲದೆ, ತೆಳು ಗಂಜಿಯ ಹೊರತು ಏನೂ ಇಳಿಯದ ಗಂಟಲು ಇಟ್ಟುಕೊಂಡು. ಸಾವ್ಕಾರ ಒಂದು ಚೀಲ ಅಕ್ಕಿ ಕಳಿಸಿ ಕೈ ತೊಳೆದುಕೊಂಡ. ಅಷ್ಟರಲ್ಲಿ ಮತ್ತೆ ಮಳೆಗಾಲ ಹತ್ತಿರ ಬಂದಿತ್ತು. ಶೆಡ್ಡಿನ ಥಂಡಿಯಲ್ಲಿ ಮೀಟರು ಕೆಡುತ್ತದೆ, ಗೋಡೆ ಇರುವ ಒಂದು ಬೆಚ್ಚನೆಯ ಜಾಗ ಬೇಕು ಎಂದು ಹಾಶಿಮ ಕೇಳಿದ. ಸಾವ್ಕಾರ ಹಿಂದುಮುಂದು ನೋಡದೆ ಉಳವಪ್ಪನ ಕೋಣೆಯನ್ನು ಕೊಟ್ಟ. ಬೇರೆ ಜಾಗ ನೋಡಿ ಎಂದು ಹಾಶಿಮ ಹೇಳಬಹುದಿತ್ತು. ಆ ಕೋಣೆಯಲ್ಲಿ ಒಲೆ ಇದೆಯಲ್ಲ, ಡಬ್ಬಿ ಒಣಗಿಸಲು ಅನುಕೂಲ ಎಂಬ ವಿಚಾರ ಮೊದಲು ಬಂತು.

ಕೋಣೆ ಬಿಡಬೇಕಾದ ದಿನ ಅವನು ಒಂದು ಡಜನ್ ಬಾಳೆಹಣ್ಣು ಹಿಡಿದು ಹೋದ. ಉಳವಪ್ಪನ ಬಾಯಿಗೆ ಬಾಳೆಹಣ್ಣು ಹೋಗುವುದಿಲ್ಲ ಎಂಬುದು ಬಾಗಿಲಿಗೆ ಬಂದ ಮೇಲೆ ನೆನಪಾಯಿತು. ಗಂಟುಮೂಟೆ ಕಟ್ಟಿ ಹೊರಗಿಟ್ಟಾಗಿತ್ತು. ಮುಂಡಗೋಡದ ಬಸ್ಸಿಗೆ ಇನ್ನೂ ಹೊತ್ತಿದ್ದದ್ದರಿಂದ ಶಂಕ್ರವ್ವ ಒಲೆಯ ಮುಂದೆ ಕೂತು ಗಂಡನಿಗೆ ದಾರಿಗೆಂದು ಗಂಜಿ ಕಾಯಿಸುತ್ತಿದ್ದಳು. ಉಳವಪ್ಪ ಮೂಲೆಯಲ್ಲಿ ಗೋಡೆಗೆ ಒರಗಿದ್ದ, ಹಣೆಯ ಮೇಲೆ ವಿಭೂತಿ ಹೊಸದಾಗಿತ್ತು. ಹಾಶಿಮ ಹೊಸ್ತಿಲ ಹೊರಗೇ ನಿಂತ. ನಡೆದು ಹೋದದ್ದು ಹೋಯಿತು, ಯಾರದೂ ಬೇಕೆಂದು ಮಾಡಿದ್ದಲ್ಲ ಎಂದು ಏನೇನೋ ಹೇಳಿದ. ಶಂಕ್ರವ್ವ ಗಂಜಿ ತಿರುವುತ್ತಿದ್ದಳು. ಅವನ ಮಾತು ಮುಗಿದ ಮೇಲೆ ಎದ್ದು, ಮುತ್ತಲ ಎಲೆಯ ದೊನ್ನೆಯಲ್ಲಿ ಒಂದಿಷ್ಟು ಗಂಜಿ ಹಾಕಿ, ಹೊಸ್ತಿಲ ಮೇಲೆ ಇಟ್ಟಳು.

“ಇವರು ಮೂರು ವರ್ಷ ಸುಳ್ಳು ಹೇಳಿದ್ರು ನಂಗ, ಈಗ ಬೆರಳ ಮಾಡಿ ತೋರಿಸ್ಯಾರ,” ಎಂದಳು. “ನನ್ನ ಕೈ ಅಡಗಿ ಚಲೋ ಅಂತ ತಿಳಕೊಂಡಿದ್ನಿ. ಈಗ ಯಾರ್ನ ಕೇಳ್ಲಿ? ನೀನ ಒಂದೀಟು ರುಚಿ ನೋಡು ತಮ್ಮಾ. ಉಪ್ಪು ಸರಿ ಐತೇನು?”

ಹಾಶಿಮ ದೊನ್ನೆ ಎತ್ತಿ ಕುಡಿದ. ಗಂಜಿ ಬಿಸಿಯಾಗಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಒಂದು ಸಮಾಧಾನದ ಮಾತು ಸಿಕ್ಕರೆ ತನಗೂ ಬೇಗ ಹೊರಡುವುದಕ್ಕೆ ದಾರಿಯಾಗುತ್ತದೆ ಎಂದುಕೊಂಡ.

“ಸರಿ ಐತಿ ಚಿಗವ್ವಾ,” ಎಂದ. “ಅಗದೀ ಸರಿ ಐತಿ.”

“ಉಪ್ಪು ಹಾಕೇ ಇಲ್ಲ,” ಎಂದಳು ಶಂಕ್ರವ್ವ. “ಹಾಕಿದ್ರ ಇವರಿಗೆ ಉರೀತೈತಿ ಅಂತ ಡಾಕ್ಟರ ಬ್ಯಾಡಂದಾರ. ತಿಂಗಳಾತು, ಈ ಮನ್ಯಾಗ ಉಪ್ಪಿನ ಗಡಗಿ ಮುಟ್ಟಿಲ್ಲ. ನಿಂದೂ ಹೋಗೇತಿ ತಮ್ಮಾ. ನಿನ್ನ ಸಾವ್ಕಾರಗ ಹೇಳು, ನಿನಗೂ ಮೂರು ಬಟ್ಟಲಾ ಇಡ್ಲಿ.”

ಮೂಲೆಯಿಂದ ಒಂದು ಸದ್ದು ಬಂತು. ಉಳವಪ್ಪ ನಗುತ್ತಿದ್ದ. ದವಾಖಾನೆಯಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು, ನಕ್ಕದ್ದಕ್ಕೆ ತುಟಿ ಬಿರಿದು ರಕ್ತ ಬಂತು. ಶಂಕ್ರವ್ವ ಸೆರಗಿನಿಂದ ಅದನ್ನು ಒರೆಸಿ, ಗಂಜಿಯ ಪಾತ್ರೆಗೆ ಬಟ್ಟೆ ಕಟ್ಟಿದಳು. ಹಾಶಿಮ ದೊನ್ನೆಯನ್ನು ಕೆಳಗಿಟ್ಟ. ಹೋಗಬೇಕೆನಿಸಿತು, ಆದರೆ ಕೋಣೆಯ ಕೀಲಿಕೈ ಇನ್ನೂ ಅವಳ ಸೊಂಟದಲ್ಲಿತ್ತು, ಅದಕ್ಕಾಗಿ ಕಾಯುತ್ತ ನಿಂತ.